ಬಲಗಣ್ಣಿನ ಮಿಂಚು

ಹಾವೇರಿಯಲ್ಲೊಂದು ಮದುವೆ ಮುಗಿಸಿಕೊಂಡು ಕಳೆದ ವಾರ ನಾನೂ ನನ್ನ ಹೆಂಡತಿ ಗಿರಿಜಾಳೂ ರಾಣೆಬೆನ್ನೂರಿಗೆ ಮರಳುತ್ತಿದ್ದೆವು. ಸಿಕ್ಕಿದ್ದು ಬ್ಯಾಡಗಿ ಮೇಲೆ ಹೋಗುವ ಬಸ್ಸು. ಮೆಣಸಿನಕಾಯಿ ಸುಗ್ಗಿ ನಡೆದಿತ್ತು. ಊರು ಕಾಣುವ ಮೊದಲೇ ಘಾಟು ಬಸ್ಸಿನೊಳಗೆ ಬಂದು ಕುಳಿತಿತು. ಮೊದಲು ಒಂದು ಕೂಸು ಕೆಮ್ಮಿತು, ಆಮೇಲೆ ಅದರ ತಾಯಿ, ಆಮೇಲೆ ಕಂಡಕ್ಟರ್. ಹೊಸಬರು ಗಡಬಡಿಸಿ ಕಿಟಕಿ ಹಾಕಿಕೊಂಡರು. ಹಳಬರು ಹಾಕಲಿಲ್ಲ, ಹಾಕಿದರೆ ಒಳಗೆ ಬಂದ ಘಾಟು ಹೊರಗೆ ಹೋಗುವುದಿಲ್ಲವೆಂದು ಅವರಿಗೆ ಗೊತ್ತು. ಗಿರಿಜಾ ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನ ಮುಖ ನೋಡಿದಳು.

“ಇಳ್ಯೂದೇನ್ರಿ?”

“ಇಳದು ಯಾರನ್ನ ಮಾತಾಡ್ಸೂದೈತಿ? ಕುಂದ್ರು ಸುಮ್ನ,” ಎಂದೆ.

ಕಿಟಕಿಯಾಚೆ ಆಕಾಶ ಬೆಳ್ಳಗಿತ್ತು. ಅದರ ನಡುವೆ ನನ್ನ ತೊಟ್ಟು ತೇಲಾಡುತ್ತಿತ್ತು. ಬೇರೆ ಯಾರಿಗೂ ಕಾಣದ ಆ ತೊಟ್ಟು ನನ್ನ ಬಲಗಣ್ಣಿಗೆ ಬಂದು ಸೇರಿದ್ದು ಇದೇ ಊರಿನಲ್ಲಿ, ಇಂಥದೇ ಒಂದು ಸುಗ್ಗಿಯಲ್ಲಿ. ಹತ್ತು ವರ್ಷ ಆಗಿರಬೇಕು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು.

ಆಗ ನಾನು ಗುರುಬಸಪ್ಪ ಸಾವುಕಾರರ ಹತ್ತಿರ ರಾಶಿ ನೋಡುವ ಕೆಲಸದಲ್ಲಿದ್ದೆ. ಅವರು ಮೆಣಸಿನಕಾಯಿ ಖರೀದಿದಾರರು. ಬ್ಯಾಡಗಿ ಪೇಟೆಯಲ್ಲಿ ಖರೀದಿದಾರನಿಗಿಂತ ಮುಂಚೆ ಅವನ ನಂಬಿಕೆಯ ಮನುಷ್ಯನೊಬ್ಬ ರಾಶಿಯ ಹತ್ತಿರ ಹೋಗುತ್ತಾನೆ. ರಾಶಿಯ ಮೇಲಿನ ಕಾಯಿಯನ್ನು ಯಾರೂ ನಂಬುವುದಿಲ್ಲ. ಮೇಲೆ ಎಲ್ಲರೂ ಚೆಂದವೇ ಇಟ್ಟಿರುತ್ತಾರೆ. ಮೊಣಕೈ ತನಕ ಕೈ ತೂರಿಸಿ, ತಳದಿಂದ ಒಂದು ಹಿಡಿ ಎಳೆದು, ಅಂಗೈಯಲ್ಲಿ ಹರಡಿಕೊಂಡು, ಸೂರ್ಯನ ಕಡೆ ತಿರುಗಿ ನೋಡಬೇಕು. ಬಣ್ಣ ಹೇಗಿದೆ, ನಿರಿಗೆ ಎಷ್ಟಿದೆ, ಬಿಳಿಗಾಯಿ ಬೆರೆತಿದೆಯೇ, ತೊಟ್ಟಿನ ಬುಡಕ್ಕೆ ಕಪ್ಪು ಹಿಡಿದಿದೆಯೇ. ಕಪ್ಪು ಹಿಡಿದಿದ್ದರೆ ಒಳಗೆ ಬೂಷ್ಟು ಎಂದೇ ಅರ್ಥ. ನಾನು ತಲೆಯಾಡಿಸಿದರೆ ಸಾವುಕಾರರು ಚೀಟಿಯಲ್ಲಿ ದರ ಬರೆಯುತ್ತಿದ್ದರು, ಮೂಗು ಮುರಿದರೆ ಮುಂದಿನ ರಾಶಿಗೆ ನಡೆಯುತ್ತಿದ್ದರು. ನಾನು ಓದಿದ್ದು ಬಿ.ಎ., ಬದುಕಿದ್ದು ಮಾತ್ರ ಕಣ್ಣಿನ ಮೇಲೆ. ಪೇಟೆಯಲ್ಲಿ ನನ್ನನ್ನು ‘ಕಣ್ಣಿನ ಶಿವಪ್ಪ’ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತು.

ಸಂಕ್ರಾಂತಿ ಮುಗಿದ ಮೇಲಿನ ಮೊದಲ ಪೇಟೆಯ ದಿನ. ಡಬ್ಬಿ ಜಾತಿಯ ಕಾಯಿಯ ಒಂದು ರಾಶಿಗೆ ಬಗ್ಗಿ ಎದ್ದೆ. ಬಲಗಣ್ಣಿನ ಮುಂದೆ ಒಂದು ಮುರಿದ ತೊಟ್ಟು ನೇತಾಡಿತು. ಬಾಗಿದ ಕಡ್ಡಿ, ತುದಿಗೆ ಪುಟ್ಟ ಟೊಪ್ಪಿಗೆ, ಮೆಣಸಿನಕಾಯಿ ತೊಟ್ಟೇ. ಗಾಳಿಗೆ ಹಾರಿ ರೆಪ್ಪೆಗೆ ಅಂಟಿರಬೇಕೆಂದು ಕೈಯಿಂದ ಒರೆಸಿಕೊಂಡೆ. ರಾಶಿಯಿಂದ ಆಗಷ್ಟೇ ಎಳೆದ ಕೈ! ಪೇಟೆಯಲ್ಲಿ ಕೂದಲು ನೆರೆಸಿಕೊಂಡವನು ಮಾಡುವ ಕೆಲಸವೇ ಅದು? ಕಣ್ಣು ಭಗ್ಗನೆ ಉರಿದು, ನಾನು ನೆಲಕ್ಕೆ ಕುಳಿತು ಒದ್ದಾಡಿದೆ. ಹಮಾಲರು ನಕ್ಕು ನಕ್ಕು ತಂಬಿಗೆಗಟ್ಟಲೆ ನೀರು ಹೊಯ್ದರು. ಉರಿ ಇಳಿಯಿತು. ತೊಟ್ಟು ಹಾಗೇ ಇತ್ತು. ಅದರ ಸುತ್ತ ಒಲೆಯ ಮೇಲಿನ ಜೇಡಬಲೆಯ ಮಸಿಯಂಥ ಚೂರುಗಳೂ ಸೇರಿಕೊಂಡಿದ್ದವು. ಬಲಕ್ಕೆ ನೋಡಿದರೆ ಬಲಕ್ಕೆ ಬರುತ್ತಿದ್ದವು, ನಿಂತು ನೋಡಲು ಹೋದರೆ ಕೆಳಗೆ ಜಾರುತ್ತಿದ್ದವು.

ಅದೇ ಸಂಜೆ ಪಡಸಾಲೆಯಿಂದ ಅಡಿಗೆಮನೆಗೆ ಹೋಗುವಾಗ ಬಲಗಡೆ ಅಂಚಿನಲ್ಲಿ ಫಳ್ ಎಂದಿತು.

“ಬ್ಯಾಟ್ರಿ ಯಾಕ ಬಿಟ್ಟಿ ಮುಖದ ಮ್ಯಾಲೆ?” ಎಂದು ಗಿರಿಜಾಳ ಮೇಲೆ ರೇಗಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಎರಡೂ ಕೈಗಳನ್ನು ಎತ್ತಿ ತೋರಿಸಿದಳು.

ಬ್ಯಾಡಗಿಯಲ್ಲಿ ಕಣ್ಣಿಗೆ ಏನೇ ಆದರೂ ಕಾರಣ ಒಂದೇ, ಕಾಯಿ. ಮೂಗಿಗೂ ಅದೇ, ಎದೆಗೂ ಅದೇ. ಗಿರಿಜಾ ಹಾಲಿನ ಬತ್ತಿ ಇಟ್ಟಳು, ಔಡಲೆಣ್ಣೆ ಬಿಟ್ಟಳು. ಯಾವುದಕ್ಕೂ ಜಗ್ಗದಿದ್ದಾಗ ಹಿಂದಿನ ಓಣಿಯ ಫಕೀರವ್ವನನ್ನು ಕರೆಸಿದಳು. ಫಕೀರವ್ವ ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವವಳು. ಸುಗ್ಗಿ ಬಂತೆಂದರೆ ಅವಳಿಗೆ ಪುರುಸೊತ್ತಿಲ್ಲ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ನನ್ನ ಗದ್ದ ಹಿಡಿದು, ರೆಪ್ಪೆ ಅಗಲಿಸಿದಳು. ಅಕ್ಕಪಕ್ಕದ ಮನೆಯವರೆಲ್ಲ ಪಡಸಾಲೆಯಲ್ಲಿ ನಿಂತಿದ್ದರು.

“ಮ್ಯಾಲ ನೋಡು ತಮ್ಮಾ. ಹೆದರಬ್ಯಾಡ, ನುಂಗಾಂಗಿಲ್ಲ ನಿನ್ನ ಕಣ್ಣ.”

ಅವಳ ನಾಲಿಗೆ ಬೆಚ್ಚಗೆ ನನ್ನ ರೆಪ್ಪೆಯೊಳಗೆ ಸುತ್ತಿ ಬಂತು. ಎಲೆಯ ಮೇಲೆ ಉಗುಳಿದಳು. ಉಗುಳಿನ ನಡುವೆ ಕೆಂಪು ಸಿಪ್ಪೆಯ ಒಂದು ಚೂರು. “ಇಲ್ಲಿ ನೋಡ್ರಿ ಕಳ್ಳ!” ಎಂದು ಎಲೆಯನ್ನು ಎಲ್ಲರ ಮುಂದೆ ತಿರುಗಿಸಿದಳು. ಎಲ್ಲರೂ ಬಗ್ಗಿ ನೋಡಿದರು. ಗಿರಿಜಾ ದೇವರ ಕಡೆ ಕೈ ಮುಗಿದಳು.

“ಆದ್ರ ಯವ್ವಾ, ನನಗಿನ್ನೂ ಕಾಣಾಕತ್ತೈತಿ,” ಎಂದೆ.

“ಮುಳ್ಳ ತಗದ ಮ್ಯಾಲೂ ಕಾಲ ಒಂದೀಟ ನೋಯ್ತೈತಿಲ್ಲೋ? ಹಂಗ. ಎರಡ ದಿನಕ್ಕ ಹೊಕ್ಕೈತಿ.”

ಹೋಗಲಿಲ್ಲ. ಆದರೆ ಆ ಎಲೆಯ ಮೇಲಿನ ಚೂರು ನನ್ನ ಬಾಯಿ ಕಟ್ಟಿತು. ಕಸ ಹೊರಗೆ ಬಂದದ್ದನ್ನು ಓಣಿಯೆಲ್ಲ ನೋಡಿದೆ. ಇನ್ನು ನಾನು ಏನು ಹೇಳಿದರೂ ಅದು ನನ್ನ ಭ್ರಮೆ. ಸಾವುಕಾರರೂ ಅದನ್ನೇ ಅಂದರು: “ಕಣ್ಣಾಗಿನ ಕಸ ಹೋಗೇತಿ ಶಿವಪ್ಪ, ಮನಸಿನ್ಯಾಗಿಂದು ಹೋಗಿಲ್ಲ.” ಹೌದೇನೋ ಎಂದು ನಾನೂ ಅಂದುಕೊಂಡೆ. ಬೇರೆ ಏನು ಅಂದುಕೊಳ್ಳಲಿ? ರಾಶಿ ನೋಡುವುದನ್ನು ಬಿಟ್ಟರೆ ನನಗೆ ಮತ್ತೊಂದು ಕೆಲಸ ಬರುತ್ತಿರಲಿಲ್ಲ. ಎಡಗಣ್ಣಿನಲ್ಲಿ ನೋಡಿ, ಮೂಸಿ, ಮುರಿದು, ಬೀಜದ ಸದ್ದು ಕೇಳಿ ಹೇಗೋ ಕೆಲವು ಪೇಟೆ ಸಾಗಿಸಿದೆ.

ಸಿಕ್ಕಿಬಿದ್ದದ್ದು ಕದರಮಂಡಲಗಿಯ ರೈತ ಹನುಮಂತಪ್ಪ ಕಾಕಾನ ರಾಶಿಯ ಮುಂದೆ. ಕಾಕಾನ ಕಾಯಿ ಎಂದರೆ ಪೇಟೆಗೆ ಪೇಟೆಯೇ ತಿರುಗಿ ನೋಡುವಂಥದ್ದು. ಅಂದು ಬಿಸಿಲು ಚುರುಕಾಗಿತ್ತು. ಅಂಗೈಯಲ್ಲಿ ಹರಡಿದ ಕಾಯಿಯ ತೊಟ್ಟುಗಳ ಬುಡದಲ್ಲೆಲ್ಲ ನನಗೆ ಕಪ್ಪು ಕಂಡಿತು. ಮೂಗು ಮುರಿದೆ.

“ಕಪ್ಪ ಹಿಡದೈತಲ್ಲ ಕಾಕಾ ಈ ಸಲ.”

ಕಾಕಾ ನಂಬಲಿಲ್ಲ. ನನ್ನ ಅಂಗೈಯಿಂದ ಒಂದೊಂದೇ ಕಾಯಿ ಎತ್ತಿ ಸೀಳಿ ತೋರಿಸಿದ. ಒಳಗೆ ಹೊನ್ನಿನಂಥ ಬೀಜ. “ಎಲ್ಲೈತೋ ಶಿವಪ್ಪ? ಬೊಟ್ಟ ಮಾಡಿ ತೋರ್ಸು.” ನಾನು ಬೊಟ್ಟು ಮಾಡಿದೆ. ಬೊಟ್ಟು ಮುಟ್ಟುವುದರೊಳಗೆ ಕಪ್ಪು ಪಕ್ಕದ ಕಾಯಿಗೆ ಸರಿಯಿತು. ಅಲ್ಲಿ ಮುಟ್ಟಿದರೆ ಇಲ್ಲಿ. ಜನ ಕೂಡಿದರು. ಹಿಂದಿನಿಂದ ಯಾರೋ, “ಕಾಮಾಲಿ ಕಣ್ಣಿಗೆ ಲೋಕೆಲ್ಲಾ ಹಳದಿ,” ಎಂದರು, ನಗೆ ಎದ್ದಿತು. ಕಾಕಾ ನಗಲಿಲ್ಲ, ಬೈಯಲೂ ಇಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ನನ್ನ ಭುಜ ಹಿಡಿದು, ಸಣ್ಣ ದನಿಯಲ್ಲಿ, “ಹುಬ್ಬಳ್ಳಿಗೆ ಹೋಗಿ ಕಣ್ಣ ತೋರ್ಸೋ ತಮ್ಮಾ,” ಎಂದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಂಗೈಯಲ್ಲಿ ಉಳಿದ ಕಾಯಿಯನ್ನು ರಾಶಿಗೇ ಸುರಿದು ನಡೆದೆ.

ಹುಬ್ಬಳ್ಳಿಯ ಡಾಕ್ಟರು ಹನಿ ಹಾಕಿ ಕೂರಿಸಿ, ಆಮೇಲೆ ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು.

“ಕಣ್ಣಿನ ಒಳಗ ತಿಳಿ ಲೋಳಿ ತುಂಬಿರ್ತದ್ರಿ. ವಯಸ್ಸಾದಂಗ ಅದು ಹಿಂದಿನ ಪರದೆ ಬಿಟ್ಟು ಸರೀತದ. ನಿಮಗ ಸರದದ. ನಿಮಗ ಕಾಣೋದು ಅದರ ನೆರಳು. ಲೋಳಿ ಪರದೆ ಜಗ್ಗಿದಾಗ ಮಿಂಚಿದಂಗ ಆಗ್ತದ.”

“ಕಾಯಿ ಘಾಟಿಗೆ ಆಗಿದ್ದಲ್ಲೇನ್ರಿ?”

“ನಿಮ್ಮ ಬ್ಯಾಡಗಿಯವರಿಗೆ ಎಲ್ಲಾ ಕಾಯಿಂದನ ಆಗ್ತದ,” ಎಂದು ಅವರು ನಕ್ಕರು.

“ಔಷಧ ಬರದು ಕೊಡ್ರಿ ಮತ್ತ.”

“ಇದಕ್ಕ ಔಷಧ ಇಲ್ರಿ. ಪರದೆ ಹರಿದಿಲ್ಲ, ಅದ ನಿಮ್ಮ ಪುಣ್ಯ. ಚುಕ್ಕಿ ಒಮ್ಮೆಲೇ ಮಳಿ ಸುರದಂಗ ಬಂದ್ರ, ಇಲ್ಲಾ ಒಂದು ಮಗ್ಗಲಿಂದ ಕತ್ತಲಿ ಏರಿ ಬಂದಂಗ ಆದ್ರ, ಅವತ್ತ ಬರ್ರಿ, ನಾಳೆ ಅನಬ್ಯಾಡ್ರಿ. ಇಲ್ಲಂದ್ರ ರೂಢಿ ಆಗ್ತದ. ಎಲ್ಲಾರಿಗೂ ರೂಢಿ ಆಗೇದ.”

ರೋಗ ಇದೆ, ಔಷಧವಿಲ್ಲ. ಕುರುಡನಲ್ಲ, ನೋಡುವವನೂ ಅಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಂತೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಸ್ಸಿನಲ್ಲಿ ಮರಳುವಾಗ ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು. ಗಿರಿಜಾ ತನ್ನ ಸೆರಗಿನ ತುದಿಯನ್ನು ನನ್ನ ತಲೆಯ ಮೇಲೆ ಎಳೆದಳು. ಊರ ಜನರ ಎದುರಿಗೆ ಹೆಂಡತಿಯ ಸೆರಗಿನಡಿ ಕುಳಿತು ಬ್ಯಾಡಗಿ ಮುಟ್ಟಿದೆ. ನಾಚಿಕೆಪಡುವಷ್ಟು ಶಕ್ತಿಯೂ ಇರಲಿಲ್ಲ.

ಸಾವುಕಾರರು ಒಳ್ಳೆಯವರು. ಕೆಲಸದಿಂದ ಬಿಡಿಸಲಿಲ್ಲ, ಗೋದಾಮಿನ ಹಿಂದಿನ ಬಯಲಿಗೆ ಹಾಕಿದರು. ಖರೀದಿಸಿದ ಹಸಿಕಾಯಿಯನ್ನು ಅಲ್ಲಿ ಹರಡಿ ಒಣಗಿಸಿ, ಆಮೇಲೆ ಚೀಲ ತುಂಬುವುದು ವಾಡಿಕೆ. “ಒಣಗೋ ಮಾಲ ನೋಡ್ಕೊಂಡಿರು. ಅಡ್ಡಮಳಿ ಬಂದ್ರ ಮಂದಿನ್ನ ಕೂಗು, ತಾಡಪತ್ರಿ ಹಾಕಸು. ಅಷ್ಟ ಸಾಕು,” ಎಂದರು. ಅಷ್ಟಕ್ಕೆ ಒಂದು ಕಣ್ಣು ಸಾಕೆಂದು ನನಗೂ ಅನಿಸಿತು. ಯುಗಾದಿ ಹತ್ತಿರವಾಗಿತ್ತು. ಆ ದಿನಗಳಲ್ಲಿ ನಮ್ಮ ಕಡೆ ಸಂಜೆಗೆ ಇದ್ದಕ್ಕಿದ್ದಂತೆ ಮೋಡವೆದ್ದು ಮಳೆ ಬಡಿಯುವುದುಂಟು, ಒಣಗಿದ ಕಾಯಿ ಒಮ್ಮೆ ನೆನೆಯಿತೋ ಬಣ್ಣ ಕೆಟ್ಟಿತು. ಬಯಲಿನಲ್ಲಿ ಇದ್ದವರೆಲ್ಲರ ಜೀವ ಮಿಂಚಿನ ಮೇಲೆಯೇ ಇರುತ್ತಿತ್ತು. ನನ್ನನ್ನು ಹಾಕಿದ್ದು ಅಂಥ ಕಡೆಗೆ.

ಬಯಲಿಗೆ ಹೋದ ಮೊದಲ ದಿನಗಳಲ್ಲೇ ಒಂದು ಮುಸ್ಸಂಜೆ ಹಮಾಲರು ಊಟಕ್ಕೆ ಬುತ್ತಿ ಬಿಚ್ಚಿದ್ದರು. ನಾನು ರಾಶಿಗಳ ನಡುವೆ ತಿರುಗಿ ಬರುತ್ತಿದ್ದೆ. ಬಲಗಡೆ, ಗೋದಾಮಿನ ಮೂಲೆಯಾಚೆ, ಉದ್ದಕ್ಕೆ ಒಂದು ಬಿಳಿ ಗೆರೆ ಫಳ್ ಎಂದಿತು. ಮತ್ತೊಮ್ಮೆ.

“ಮಿಂಚಾಕತ್ತೈತಿ! ತಾಡಪತ್ರಿ ತರ್ರಿ, ಲಗೂ!” ಎಂದು ಕಿರುಚಿದೆ.

ಅವರು ತುತ್ತು ಬಿಟ್ಟು ಎದ್ದು ಓಡಿದರು. ಕಾಯಿ ಗುಡ್ಡೆ ಹಾಕಿದರು, ತಾಡಪತ್ರಿ ಎಳೆದರು, ಅಂಚಿಗೆ ಕಲ್ಲು ಹೇರಿದರು. ಎಲ್ಲ ಮುಗಿದು ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡಿದರೆ ಆಕಾಶ ತೊಳೆದಿಟ್ಟ ತಾಟಿನ ಹಾಗಿತ್ತು. ಒಂದು ಎಳೆ ಮೋಡವಿಲ್ಲ. ಆಗಷ್ಟೇ ಮೂಡಿದ ಚುಕ್ಕೆಯೊಂದು ನಮ್ಮೆಲ್ಲರನ್ನು ನೋಡುತ್ತಿತ್ತು. ಹಮಾಲರು ಕಲ್ಲು ತೆಗೆದು, ಕಾಯಿ ಮತ್ತೆ ಹರಡಿ, ತಣ್ಣಗಾದ ರೊಟ್ಟಿ ಉಂಡರು. ಮರುದಿನದಿಂದ ಚಾಷ್ಟಿ ಸುರುವಾಯಿತು. “ಅಣ್ಣಾರ, ಇವತ್ತ ನಿಮ್ಮ ಕಣ್ಣಾಗ ಮಳಿ ಐತೇನ್ರಿ? ಹೆಂಡ್ತಿ ಶ್ಯಾವಿಗಿ ಒಣಾಕ್ಯಾಳ, ಹೇಳಿ ಬರ್ತೇನಿ.” ನಾನೂ ನಕ್ಕೆ. ನಗದಿದ್ದರೆ ಅಲ್ಲಿ ಇರುವ ಹಾಗಿರಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಪ್ರಮಾಣಿಸುವುದನ್ನು ಕಲಿತೆ. ಬಲಗಡೆ ಮಿಂಚಿದರೆ ತಕ್ಷಣ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಆ ದಿಕ್ಕಿಗೆ ನೋಡುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ. ಮನೆಯಲ್ಲಿ ಕಂಡರೆ ಗಿರಿಜಾಳನ್ನು ಕೇಳುತ್ತಿದ್ದೆ: “ಮಿಂಚಿತೇನ?” ಅವಳು ಕೆಲಸ ಬಿಟ್ಟು ಹೊರಬಾಗಿಲಿಗೆ ಹೋಗಿ, ಆಕಾಶ ನೋಡಿ ಬಂದು, “ಇಲ್ರಿ,” ಎನ್ನುತ್ತಿದ್ದಳು. ನನ್ನನ್ನು ಸಮಾಧಾನ ಮಾಡಲೆಂದು ಒಮ್ಮೆಯೂ “ಹೌದು” ಅನ್ನಲಿಲ್ಲ. ಆ “ಇಲ್ರಿ”ಯನ್ನು ನಾನು ನಂಬಿದಷ್ಟು ಬೇರೆ ಯಾವುದನ್ನೂ ನಂಬಿದವನಲ್ಲ.

ಯುಗಾದಿ ಮುಗಿದ ಮೇಲೆ ಒಂದು ಪೇಟೆಯ ದಿನ. ಹಮಾಲರೆಲ್ಲ ಮುಂದಿನ ರಸ್ತೆಯಲ್ಲಿ ಲಾರಿಗೆ ಚೀಲ ಹೇರುತ್ತಿದ್ದರು. ಬಯಲಿನಲ್ಲಿ ನಾನೊಬ್ಬನೇ. ಎದುರಿಗೆ ಆ ವರ್ಷದ ಒಳ್ಳೆಯ ಮಾಲು ಒಣಗಿತ್ತು, ಹನುಮಂತಪ್ಪ ಕಾಕಾನ ಕೊನೆಯ ಕೊಯ್ಲಿನ ಕಾಯಿಯೂ ಅದರಲ್ಲಿತ್ತು. ಸಂಜೆ ಕವಿಯುವಾಗ ಬಲಗಡೆ, ಅದೇ ಗೋದಾಮಿನ ಮೂಲೆಯಾಚೆ, ಫಳ್ ಎಂದಿತು. ಬಲಗಣ್ಣು ಮುಚ್ಚಿದೆ. ಎಡಗಣ್ಣಿನಲ್ಲಿ ನೋಡುತ್ತ ನಿಂತೆ. ಗೋಡೆ, ಗೋಡೆಯ ಮೇಲೆ ಬೂದಿ ಬಣ್ಣದ ಆಕಾಶ. ಏನೂ ಇಲ್ಲ. ಕಣ್ಣು ಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಫಳ್. ಮತ್ತೆ ಮುಚ್ಚಿದೆ, ಮತ್ತೆ ಏನೂ ಇಲ್ಲ. ಕೂಗಲು ಬಾಯಿ ತೆರೆದೆ. ತಣ್ಣಗಾದ ರೊಟ್ಟಿ ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

ಗಾಳಿ ತಿರುಗಿ ಮಣ್ಣಿನ ವಾಸನೆ ಬಂದಾಗ ತಡವಾಗಿತ್ತು. ಗೋದಾಮಿನ ಮಾಡಿನ ಹಿಂದಿನಿಂದ ಕರಿ ಮೋಡ ಒಮ್ಮೆಲೇ ಎದ್ದು ಬಂತು. ನಾನು ಕೂಗಿದ್ದು ಗುಡುಗಿನಲ್ಲಿ ಮುಚ್ಚಿಹೋಯಿತು. ಒಬ್ಬನೇ ತಾಡಪತ್ರಿ ಎಳೆದೆ; ಗಾಳಿ ಕಿತ್ತುಕೊಂಡಿತು. ಹಮಾಲರು ಓಡಿ ಬರುವ ಹೊತ್ತಿಗೆ ಬಯಲಿನ ತುಂಬ ಕೆಂಪು ನೀರು ಹರಿಯುತ್ತಿತ್ತು. ನಾನು ಅದರಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ಕಾಯಿ ಬಾಚುತ್ತಿದ್ದೆ. ಮಳೆಯಲ್ಲಿ ಅಳು ಕಾಣುವುದಿಲ್ಲ ಎನ್ನುವುದು ಸುಳ್ಳು. ಎಲ್ಲರೂ ನೋಡಿದರು.

ಸಾವುಕಾರರು ಕೊಡೆ ಹಿಡಿದು ಬಂದು ನಿಂತರು. “ಮಿಂಚಿದ್ದು ಕಾಣಲಿಲ್ಲೇನೋ ಶಿವಪ್ಪ?” ಎಂದು ಕೇಳಿದರು.

“ಕಂಡಿತ್ರಿ,” ಎಂದೆ.

ಸಾವುಕಾರರು ಮರುದಿನ ಮನೆಗೆ ಬಂದು, ಚಹಾ ಕುಡಿದು, “ಕಣ್ಣ ನೋಡ್ಕೋಪಾ,” ಎಂದು ಎದ್ದು ಹೋದರು. ಮುಂದಿನ ಸುಗ್ಗಿಗೆ ಅವರಿಂದ ಕರೆ ಬರಲಿಲ್ಲ, ನಾನೂ ಕಾಯಲಿಲ್ಲ. ರಾಣೆಬೆನ್ನೂರಿನಲ್ಲಿ ಗಿರಿಜಾಳ ತಮ್ಮನದೊಂದು ಕಬ್ಬಿಣದ ಸಾಮಾನಿನ ಅಂಗಡಿ ಇದೆ. ಬೆಳಕು ಕಡಿಮೆ, ಗೋಡೆಗೆ ಸುಣ್ಣ ಕಾಣದೆ ಎಷ್ಟೋ ವರ್ಷವಾಗಿದೆ. ತೊಟ್ಟು ಅಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಅಲ್ಲಿಯೇ ಕುಳಿತೆ, ಈಗಲೂ ಅಲ್ಲಿಯೇ ಕುಳಿತಿದ್ದೇನೆ. ಮೊಳೆ ತೂಗಲು ಕಣ್ಣು ಬೇಡ.

ರೂಢಿ ಆಗುತ್ತದೆ ಎಂದಿದ್ದರು ಡಾಕ್ಟರು. ಎಲ್ಲರಿಗೂ ಆಗಿರಬಹುದು, ನನಗೆ ಆಗಲಿಲ್ಲ. ಹೊಲದ ನಡುವೆ ಬಂಡೆ ಇದ್ದರೆ ಅದನ್ನು ಸುತ್ತಿ ಉಳುವುದು ರೂಢಿಯಾಗುತ್ತದೆ. ನನ್ನ ಬಂಡೆ ನಾನು ನೇಗಿಲು ಹೂಡಿದ ಕಡೆಗೇ ಬರುತ್ತದೆ. ಬೆಳಕಿದ್ದರೆ ತೊಟ್ಟು, ಕತ್ತಲಾದರೆ ಮಿಂಚು. ಪೇಪರು ಓದಲು ಕುಳಿತರೆ ಸಾಲಿನ ಮೇಲೆ ಅದು ನನಗಿಂತ ಮುಂದೆ ಓಡುತ್ತದೆ. ಮತ್ತೆ ಎರಡು ಸಲ ಹುಬ್ಬಳ್ಳಿಗೆ ಹೋದೆ, ಅದೇ ಮಾತು ಕೇಳಿ ಬಂದೆ. ಈಗ ಹೋಗುವುದಿಲ್ಲ. ಇದು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ, ಅಷ್ಟೇ. ಈ ಎಲ್ಲದರಲ್ಲಿ ನನಗೆ ಉಳಿದಿದ್ದು ಗಿರಿಜಾಳ ಎರಡು ಕಣ್ಣು. ಮಿಂಚಿತೇನ ಎಂದು ನಾನು ಕೇಳುವುದು, ಅವಳು ನೋಡಿ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಹತ್ತು ವರ್ಷ ಹಾಗೆಯೇ ನಡೆದಿದೆ.

ಬ್ಯಾಡಗಿ ದಾಟಿದ ಬಸ್ಸು ಬಿಸಿಲು ಇಳಿಯುವ ಹೊತ್ತಿಗೆ ರಾಣೆಬೆನ್ನೂರು ಮುಟ್ಟಿತು. ಗಿರಿಜಾ ಸೀರೆ ಬದಲಿಸಿ ಸೀದಾ ಮಾಳಿಗೆ ಹತ್ತಿದಳು. ವರ್ಷದ ಖಾರದ ಪುಡಿಗೆಂದು ಕಾಯಿ ಒಣಹಾಕಿದ್ದಳು, ಅದನ್ನು ಮಗುಚಬೇಕಿತ್ತು. ನಾನೂ ಹಿಂದೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಅವಳು ಬಗ್ಗಿ ಕಾಯಿ ಮಗುಚುತ್ತಿದ್ದವಳು ಥಟ್ಟನೆ ತಲೆಯೆತ್ತಿ ಎಡಕ್ಕೆ ನೋಡಿದಳು. ಕೈ ಬೀಸಿ ಮುಖದ ಮುಂದಿನ ಏನನ್ನೋ ಓಡಿಸಿದಳು. ಮತ್ತೆ ಬಗ್ಗಿದಳು, ಮತ್ತೆ ತಲೆಯೆತ್ತಿದಳು.

“ಏನ್ರಿ, ಮಿಂಚಿದಂಗಾತಲ್ಲ?”

ನಾನು ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ಎರಡೂ ತೆರೆದು ನೋಡಿದೆ. ನಾಲ್ಕೂ ದಿಕ್ಕಿಗೆ ಆಕಾಶ ತಿಳಿಯಾಗಿತ್ತು, ಪಡುವಣದಲ್ಲಿ ಇನ್ನೂ ಕೆಂಪಿತ್ತು. ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೇ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಬೇಕು. ಹನಿ ಹಾಕಿಸಿಕೊಂಡು ಕೂರಬೇಕು. ಔಷಧವಿಲ್ಲ, ರೂಢಿ ಆಗ್ತದ ಎಂಬ ಮಾತನ್ನು ಅವಳೂ ಕೇಳಬೇಕು.

“ಮಿಂಚಿತೇನ್ರಿ? ನಿಮಗ ಕಂಡ್ತೋ ಇಲ್ಲೋ?”

“ಹೂಂ, ಮಿಂಚಿತು,” ಎಂದೆ. “ಮಳಿ ಬರೂಹಂಗೈತಿ. ಲಗೂ ಲಗೂ ಬಾಚು.”

ನಾನೂ ಎದ್ದು ಅವಳ ಪಕ್ಕ ಕುಳಿತೆ. ಒಂದು ಎಳೆ ಮೋಡವಿಲ್ಲದ ಆಕಾಶದ ಕೆಳಗೆ ಇಬ್ಬರೂ ಗಡಬಡಿಸಿ ಕಾಯಿ ಬಾಚಿ ಬುಟ್ಟಿಗೆ ತುಂಬಿದೆವು.